ಆಂಬ್ಯುಲೆನ್ಸ್ ಬರೋ ತನಕ ಮಾಸ್ತರು ಏನು ಮಾಡಬೇಕು?

ಹೋದ ತಿಂಗಳು ಅಕ್ಕನ ಫೋನ್ ಬಂತು. ಮುಧೋಳ ತಾಲೂಕಿನ ಒಂದು ಹೊಳೆದಂಡೆ ಊರಲ್ಲಿ ಆಕೆ ಪ್ರಾಥಮಿಕ ಶಾಲೆ ಟೀಚರ್. "ಗಣತಿ ಆತು, ಎಲೆಕ್ಷನ್ ಡ್ಯೂಟಿ ಆತು, ತತ್ತಿ ಲೆಕ್ಕ ಬರಿಯೂದೂ ಆತು. ಈಗ ಪ್ರಥಮ ಚಿಕಿತ್ಸೆ, ವಿಪತ್ತು ತರಬೇತಿ ಅಂತ. ಇನ್ನ ಡಾಕ್ಟರ್ಕಿ ಒಂದ ಉಳದಿತ್ತ ನೋಡು" ಅಂದಳು.

ಸಿಟ್ಟು ನ್ಯಾಯದ್ದೇ. ಆದರೆ ಆಕೆಗೆ ಇದ್ದ ತಪ್ಪು ತಿಳಿವಳಿಕೆ ಬಹಳ ಜನರಿಗೆ ಇದೆ. ಈ ತರಬೇತಿ ಅಂದರೆ ಶಿಕ್ಷಕರನ್ನು ಅರ್ಧ ಡಾಕ್ಟರ್ ಮಾಡೋದು ಅಂತ. ನಾನು ಸಕ್ಕರೆ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡುವವನು. ಪ್ರತಿ ವರ್ಷ ಇದೇ ಥರದ ತರಬೇತಿ ತಗೊಂಡು ತಗೊಂಡು ಒಂದು ಮಾತು ಮನಸ್ಸಿಗೆ ಗಟ್ಟಿಯಾಗಿದೆ: ಇದರಲ್ಲಿ ಅರ್ಧ ಪಾಠ ಏನು ಮಾಡಬೇಕು ಅನ್ನೋದು, ಇನ್ನರ್ಧ ಏನು ಮಾಡಬಾರದು ಅನ್ನೋದು. ಎರಡನೆಯದೇ ಜಾಸ್ತಿ ಕಷ್ಟ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಪ್ರಥಮ ಚಿಕಿತ್ಸೆ ಅಂದರೇನು

ಕಬ್ಬಿಗೆ ನೀರು ಬಿಟ್ಟಿದ್ದೀರಿ, ಕಾಲುವೆ ಒಡ್ಡು ಒಂದು ಕಡೆ ಒಡೆಯಿತು ಅಂದುಕೊಳ್ಳಿ. ಆಗ ನೀವು ಹೊಸ ಕಾಲುವೆ ಕಟ್ಟೋಕೆ ಕೂರುವುದಿಲ್ಲ. ಕೈಗೆ ಸಿಕ್ಕ ಮಣ್ಣು, ಹೆಂಟೆ, ಗೋಣಿಚೀಲ ಒತ್ತಿ ಹಿಡಿದು ಇನ್ನೊಬ್ಬರನ್ನು ಕೂಗುತ್ತೀರಿ. ಪ್ರಥಮ ಚಿಕಿತ್ಸೆ ಅಷ್ಟೇ. ಜೀವ ಹೋಗದಂತೆ ತಡೆಯೋದು, ಆಗಿರೋ ಪೆಟ್ಟು ಜಾಸ್ತಿ ಆಗದಂತೆ ನೋಡಿಕೊಳ್ಳೋದು, ಸರಿಯಾದ ಕೈಗೆ ಮಗುವನ್ನು ಒಪ್ಪಿಸೋದು. ಔಷಧಿ ಕೊಡೋದು, ಇಂಜೆಕ್ಷನ್ ಹಾಕೋದು, ಮುರಿದ ಎಲುಬು ಕೂಡಿಸೋದು ಇದರಲ್ಲಿ ಇಲ್ಲ.

ವಿಪತ್ತು ಸಿದ್ಧತೆ ಅನ್ನೋದು ಇದರ ಅಣ್ಣ. ಪ್ರಥಮ ಚಿಕಿತ್ಸೆ ಒಂದು ಮಗುವಿಗೆ ಏನಾದರೂ ಆದಾಗ. ಇಡೀ ಶಾಲೆಗೇ ಏನಾದರೂ ಆದಾಗ ಯಾರು ಎಲ್ಲಿರಬೇಕು, ಯಾವ ದಾರಿಯಲ್ಲಿ ಹೊರಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳೋದು ವಿಪತ್ತು ಸಿದ್ಧತೆ. ನೆರೆ ಬಂದ ಮೇಲೆ ಸಭೆ ಕರೆದರೆ ಅದು ಸಿದ್ಧತೆ ಅಲ್ಲ.

ಶಿಕ್ಷಕರೇ ಏಕೆ?

ಕಾರಣ ಸರಳ. ಏನಾದರೂ ಆದಾಗ ಅಲ್ಲಿ ಇರೋ ದೊಡ್ಡವರು ಅವರೇ. ಉಸಿರು ನಿಂತರೆ ಮೆದುಳಿಗೆ ಆಮ್ಲಜನಕ ಹೋಗೋದೂ ನಿಲ್ಲುತ್ತದೆ. 4ರಿಂದ 6 ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. 108 ಆಂಬ್ಯುಲೆನ್ಸ್ ಎಷ್ಟೇ ಜೋರಾಗಿ ಬಂದರೂ ತಾಲೂಕು ಊರಿಂದ ಹೊಲದ ರಸ್ತೆ ದಾಟಿ ಒಂದು ತೋಟದ ಶಾಲೆಗೆ ಆರು ನಿಮಿಷದಲ್ಲಿ ಬರೋಕೆ ಆಗೋದಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ ಶಿಕ್ಷಕರದ್ದೇ, ಅವರು ತಯಾರಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಇನ್ನೊಂದು ಲೆಕ್ಕ ನೋಡಿ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಪ್ರತಿ 150 ಕೆಲಸಗಾರರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ಅದರ ಉಸ್ತುವಾರಿಗೆ ತರಬೇತಿ ಆದವರೇ ಇರಬೇಕು ಅಂತ ಇತ್ತು. ಅಂದರೆ ಮೀಸೆ ಬಂದ ಗಂಡಸರಿಗೆ ಇದು 75 ವರ್ಷದ ಹಿಂದಿನಿಂದ ಕಡ್ಡಾಯ. ಆರು ವರ್ಷದ ಮಕ್ಕಳು ಓಡಾಡೋ ಜಾಗದ ಬಗ್ಗೆ ನಾವು ಯೋಚನೆ ಮಾಡಿದ್ದು ಬಹಳ ತಡ.

ಆ ಯೋಚನೆ ಬರೋಕೆ ಒಂದು ದೊಡ್ಡ ದುರಂತ ಆಗಬೇಕಾಯಿತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಒಂದು ಶಾಲೆಯಲ್ಲಿ ಅಡುಗೆಮನೆ ಬೆಂಕಿ ಗರಿಯ ಚಪ್ಪರಕ್ಕೆ ಹತ್ತಿ 94 ಮಕ್ಕಳು ಸತ್ತರು. ಆ ಪ್ರಕರಣದ ನಂತರ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೆಂಕಿ ನಂದಿಸೋ ಸಾಧನ ಇರಬೇಕು, ಅದನ್ನು ಬಳಸೋದು ಸಿಬ್ಬಂದಿಗೆ ಗೊತ್ತಿರಬೇಕು ಅಂತ ಹೇಳಿತು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು, ಜಿಲ್ಲೆಗೊಂದು ಪ್ರಾಧಿಕಾರ ಆಯಿತು, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. 2016ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಶಾಲಾ ಸುರಕ್ಷತೆಗೆ ಅಂತಲೇ ಮಾರ್ಗಸೂಚಿ ತಂದಿತು. ಅಕ್ಕನ ಕೈಗೆ ಬಂದ ತರಬೇತಿ ಆದೇಶದ ಬೇರು ಇಲ್ಲೆಲ್ಲ ಇದೆ.

ಗಂಟಲಲ್ಲಿ ಶೇಂಗಾ ಸಿಕ್ಕರೆ

ಶಾಲೆಯಲ್ಲಿ ಆಗಬಹುದಾದ ಅಪಾಯಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸಮಯ ಕೊಡೋದು ಇದು. ಶೇಂಗಾ, ಹುಣಸೆಬೀಜ, ಬಾರೆಹಣ್ಣಿನ ಬೀಜ, ಪೆನ್ನಿನ ಮುಚ್ಚಳ, ಬಿಸಿಯೂಟದ ತತ್ತಿ. ಮಕ್ಕಳು ತಿನ್ನುತ್ತಾ ನಗುತ್ತಾರೆ, ನಗುತ್ತಾ ಓಡುತ್ತಾರೆ.

ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು ಬರುತ್ತಿದೆ ಅಂದರೆ ಗಾಳಿ ಹೋಗುತ್ತಿದೆ. ಕೆಮ್ಮೋಕೂ ಆಗುತ್ತಿಲ್ಲ, ದನಿ ಬರುತ್ತಿಲ್ಲ, ಕತ್ತು ಹಿಡಿದುಕೊಂಡು ಕಣ್ಣು ಬಿಡುತ್ತಿದೆ ಅಂದರೆ ದಾರಿ ಪೂರ್ತಿ ಮುಚ್ಚಿದೆ. ಆಗ ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡು ಭುಜದ ಹಲಗೆಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಗುದ್ದಬೇಕು. ಬೀಳಲಿಲ್ಲವೇ? ಹಿಂದೆ ಮಂಡಿಯೂರಿ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಒಟ್ಟಿಗೇ 5 ಸಲ ಜಗ್ಗಬೇಕು. ಮತ್ತೆ ಗುದ್ದು, ಮತ್ತೆ ಜಗ್ಗು, ಹೊರಗೆ ಬರೋ ತನಕ.

ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಬಿರಡೆ ಹಾಕಿದ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಒಮ್ಮೆಲೇ ಹಿಸುಕಿದರೆ ಬಿರಡೆ ಹಾರುತ್ತದಲ್ಲ, ಹಾಗೆ. ಶ್ವಾಸಕೋಶದಲ್ಲಿ ಉಳಿದಿರೋ ಗಾಳಿಯೇ ಒಳಗಿಂದ ತಳ್ಳುತ್ತದೆ. ಒಂದು ವರ್ಷದ ಒಳಗಿನ ಕೂಸಿಗೆ ಹೊಟ್ಟೆ ಜಗ್ಗುವಂತಿಲ್ಲ, ಎದೆಮೂಳೆ ಮೇಲೆ ಒತ್ತಬೇಕು.

ಮಾಡಬಾರದ್ದು: ಬಾಯೊಳಗೆ ಕಾಣದ ವಸ್ತುವಿಗೆ ಬೆರಳು ಹಾಕಿ ಹುಡುಕೋದು. ಅದು ಇನ್ನೂ ಒಳಗೆ ಹೋಗುತ್ತದೆ. ನೀರು ಕುಡಿಸೋದೂ ಬೇಡ.

ಕೈಪಂಪಿನ ಲೆಕ್ಕ

ಎದೆ ಒತ್ತೋದು, ಅಂದರೆ ಸಿಪಿಆರ್, ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅದರಲ್ಲಿ ಹೃದಯವನ್ನು 'ಎಬ್ಬಿಸುತ್ತಾರೆ' ಅಂತ ಅನಿಸುತ್ತದೆ. ನಿಜವಾಗಿ ಆಗೋದು ಬೇರೆ. ನಿಂತ ಹೃದಯದ ಕೆಲಸವನ್ನು ನಿಮ್ಮ ಕೈ ಮಾಡುತ್ತದೆ. ಎದೆಮೂಳೆ ಮತ್ತು ಬೆನ್ನುಮೂಳೆ ನಡುವೆ ಹೃದಯ ಹಿಸುಕಿ ರಕ್ತ ಮೆದುಳಿಗೆ ಹೋಗುತ್ತದೆ.

ಊರಿನ ಹಳೇ ಕೈಪಂಪು ನೆನಪಿದೆಯಾ? ಮೊದಲು ಹತ್ತು ಸಲ ಹೊಡೆದರೂ ಬರೀ ಗಾಳಿ. ಆಮೇಲೆ ನೀರು ಮೇಲೆ ಬಂದು ಸುರಿಯೋಕೆ ಶುರು. ಸ್ವಲ್ಪ ಬಿಟ್ಟಿರೋ, ನೀರು ಕೆಳಗೆ ಇಳಿಯಿತು, ಮತ್ತೆ ಮೊದಲಿಂದ ಹೊಡೆಯಬೇಕು. ಸಿಪಿಆರ್ ಕೂಡ ಹಾಗೇ. ಕೆಲವು ಸಲ ಒತ್ತಿದ ಮೇಲೇ ಒತ್ತಡ ಏರುತ್ತದೆ, ನಡುವೆ ನಿಲ್ಲಿಸಿದರೆ ಕೂಡಲೇ ಇಳಿದುಬಿಡುತ್ತದೆ. ಅದಕ್ಕೇ ತರಬೇತಿಯಲ್ಲಿ 'ನಿಲ್ಲಿಸಬೇಡಿ, ನಿಲ್ಲಿಸಬೇಡಿ' ಅಂತ ಕೂಗುತ್ತಾರೆ.

ಕ್ರಮ ಹೀಗೆ. ಮಗುವಿನ ಭುಜ ತಟ್ಟಿ ಹೆಸರು ಕರೆಯಿರಿ. ಉತ್ತರ ಇಲ್ಲ. ಎದೆ ಏರಿಳಿಯುತ್ತಿದೆಯಾ ಅಂತ 10 ಸೆಕೆಂಡು ನೋಡಿ. ಉಸಿರಿಲ್ಲ, ಅಥವಾ ಮೀನು ಬಾಯಿ ಬಿಟ್ಟಂತೆ ಅಪರೂಪಕ್ಕೆ ಒಂದು ಏದುಸಿರು ಅಷ್ಟೇ. ಫೋನ್ ಸ್ಪೀಕರಿಗೆ ಹಾಕಿ 108 ಅಥವಾ 112ಕ್ಕೆ ಕರೆ ಮಾಡುತ್ತಲೇ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ. ಎದೆಯ ದಪ್ಪದ ಮೂರನೇ ಒಂದು ಭಾಗ ಕೆಳಗೆ ಹೋಗಬೇಕು, ಶಾಲೆಗೆ ಬರೋ ಮಗುವಿಗೆ ಹೆಚ್ಚೂ ಕಡಿಮೆ 5 ಸೆಂಟಿಮೀಟರ್. ಸಣ್ಣ ಮಗುವಾದರೆ ಒಂದೇ ಕೈ ಸಾಕು. 30 ಸಲ ಒತ್ತಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ 2 ಸಲ ಬಾಯಿಂದ ಉಸಿರು ಕೊಡಿ. ಮತ್ತೆ 30.

ಇದನ್ನು ಓದಿ ಕಲಿಯೋಕೆ ಆಗೋದಿಲ್ಲ, ನಾನು ಬರೆದದ್ದನ್ನು ಓದಿಯೂ ಆಗೋದಿಲ್ಲ. 5 ಸೆಂಟಿಮೀಟರ್ ಅಂದರೆ ಎಷ್ಟು ಬಲ ಅಂತ ಗೊಂಬೆ ಮೇಲೆ ಒತ್ತಿದಾಗಲೇ ತಿಳಿಯೋದು. ನಾನು ಮೊದಲ ಸಲ ಒತ್ತಿದಾಗ ಅರ್ಧ ಇಂಚೂ ಇಳಿದಿರಲಿಲ್ಲ, ಎರಡೇ ನಿಮಿಷಕ್ಕೆ ಬೆವತು ಹೋಗಿದ್ದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು, ಅಂದರೆ ಶಾಲೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಲದು. ಗೊಂಬೆ ಇಲ್ಲದೆ ಬರೀ ಪಿಪಿಟಿ ತೋರಿಸಿ ಸರ್ಟಿಫಿಕೇಟ್ ಕೊಟ್ಟರೆ ಆ ದಿನ ಚಹಾ ಬಿಸ್ಕೀಟು ಸಿಕ್ಕಿತು ಅಂದುಕೊಳ್ಳಬೇಕು ಅಷ್ಟೇ.

ನೀರಿಗೆ ಬಿದ್ದು ಉಸಿರು ನಿಂತ ಮಗುವಿಗೆ ಒಂದು ವ್ಯತ್ಯಾಸ ಇದೆ. ಅಲ್ಲಿ ಕೊರತೆ ಗಾಳಿಯದ್ದು. ಹಾಗಾಗಿ ಬಾಯಿಂದ ಉಸಿರು ಕೊಡೋದರಿಂದಲೇ ಶುರು ಮಾಡಬೇಕು. ತಲೆಕೆಳಗು ಮಾಡಿ ತಿರುಗಿಸೋದು, ಹೊಟ್ಟೆ ಒತ್ತಿ ನೀರು ತೆಗೆಯೋದು ಸುಮ್ನೆ ಸಮಯ ಹಾಳು. ನಮ್ಮ ಕಡೆ ಹೊಲಕ್ಕೊಂದು ಕೃಷಿ ಹೊಂಡ ಆಗಿದೆ. ಅದರ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಎಷ್ಟು ಜಾರುತ್ತದೆ ಅಂದರೆ ಈಜು ಬಂದವರೂ ಹತ್ತೋಕೆ ಒದ್ದಾಡುತ್ತಾರೆ. ಹೊಂಡದ ದಂಡೆಗೆ ಗಂಟು ಹಾಕಿದ ಹಗ್ಗ ಕಟ್ಟಿರಿ ಅಂತ ಪಾಲಕರ ಸಭೆಯಲ್ಲಿ ಹೇಳೋದೂ ವಿಪತ್ತು ಸಿದ್ಧತೆಯೇ. ಯಾರಾದರೂ ಬಿದ್ದರೆ ಹಾರಬೇಡಿ. ಹಗ್ಗ, ಸೀರೆ, ಬಿದಿರು, ಖಾಲಿ ಕೊಡ, ಏನಾದರೂ ಎಸೆಯಿರಿ.

ಅಡುಗೆಮನೆ, ಮೂಗು, ಫಿಟ್ಸ್

ಇವು ದಿನನಿತ್ಯದವು, ಬೇಗ ಹೇಳಿ ಮುಗಿಸುತ್ತೇನೆ.

ಬಿಸಿ ಸಾಂಬಾರು ಮೈಮೇಲೆ ಬಿದ್ದರೆ ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ. ಎರಡು ನಿಮಿಷ ಅಲ್ಲ, 20. ಒಲೆ ಆರಿಸಿದ ಮೇಲೂ ಹಂಚು ಕಾದೇ ಇರುತ್ತದಲ್ಲ, ಚರ್ಮದ ಒಳಪದರವೂ ಹಾಗೆ ಸುಡುತ್ತಲೇ ಇರುತ್ತದೆ. ಟೂತ್‌ಪೇಸ್ಟು, ಶಾಯಿ, ಅರಿಶಿನ, ಹಿಟ್ಟು ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ, ಅಂಟಿದ ಬಟ್ಟೆ ಕೀಳಬೇಡಿ.

ರಕ್ತ ಸೋರುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ 'ನಿಂತಿತೇ' ಅಂತ ನೋಡೋ ಚಟ ನಮಗೆಲ್ಲ ಇದೆ, ಹಾಗೆ ನೋಡಿದಾಗ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಮೂಗಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬಾರದು. ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆ ಭಾಗ ಹಿಡಿದು 10 ನಿಮಿಷ ಒತ್ತಬೇಕು.

ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣ ಕೊಡೋದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯೋದು, ಚಪ್ಪಲಿ ಮೂಸಿಸೋದು, ಹಲ್ಲಿನ ನಡುವೆ ಚಮಚ ಹಾಕೋದು ಎಲ್ಲ ಬಿಡಬೇಕು. ಸುತ್ತಲಿನ ಬೆಂಚು ಕಲ್ಲು ಸರಿಸಿ, ತಲೆ ಕೆಳಗೆ ಮೆತ್ತಗಿನದು ಇಟ್ಟು, ಗಡಿಯಾರ ನೋಡಿ. ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ. 5 ನಿಮಿಷ ದಾಟಿದರೆ 108. ಗಡಿಯಾರ ನೋಡೋದು ಎಲ್ಲರೂ ಮರೆಯೋ ಕೆಲಸ, ಡಾಕ್ಟರ್ ಮೊದಲು ಕೇಳೋ ಪ್ರಶ್ನೆಯೂ ಅದೇ.

ನಾಯಿ ಕಚ್ಚಿದರೆ ಕೂಡಲೇ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಯಬೇಕು. ರೇಬಿಸ್ ವೈರಸ್ಸಿನ ಹೊದಿಕೆ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಸುಣ್ಣ, ಖಾರದಪುಡಿ ಹಚ್ಚೋದು ಬೇಡ. ತೊಳೆದಾದ ಮೇಲೆ ಲಸಿಕೆ ಅವತ್ತೇ, ನಾಳೆ ಅಲ್ಲ.

ಹಾವು ಕಡಿದಾಗ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಶಾಲೆ ಹಿಂದೆ ಕಬ್ಬು, ಪಕ್ಕದಲ್ಲಿ ಕಣಿಕೆ ಬಣವಿ, ಅಡುಗೆಮನೆಯಲ್ಲಿ ಅಕ್ಕಿ, ಅಕ್ಕಿಗೆ ಇಲಿ, ಇಲಿಗೆ ಹಾವು. ಇಷ್ಟೇ ಸರಪಳಿ. ಜನರ ಜೀವ ತೆಗೆಯೋದರಲ್ಲಿ ಮುಖ್ಯ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಾಗರ ಮತ್ತು ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತದೆ. ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡೋ ಸ್ನಾಯು ನಿಲ್ಲುತ್ತದೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟೋದನ್ನು ಕೆಡಿಸುತ್ತದೆ. ಕಟ್ಟುಹಾವು ರಾತ್ರಿ ಕಡಿದರೆ ನೋವೇ ಆಗದಿರಬಹುದು. ಮಗು ಬೆಳಿಗ್ಗೆ ಶಾಲೆಗೆ ಬಂದು 'ಹೊಟ್ಟೆ ನೋವು' ಅಂದು, ರೆಪ್ಪೆ ಎತ್ತೋಕೆ ಒದ್ದಾಡುತ್ತಿದ್ದರೆ ನಿದ್ದೆಗೆಟ್ಟಿದೆ ಅಂತ ಬಿಡಬೇಡಿ.

ಈ ನಾಲ್ಕಕ್ಕೂ ಔಷಧಿ ಒಂದೇ, ಕುದುರೆಯ ರಕ್ತದಿಂದ ತಯಾರಾಗೋ ಪ್ರತಿವಿಷ. ನಾಲ್ಕಕ್ಕೂ ಒಂದೇ ಅಂದ ಮೇಲೆ ಹಾವನ್ನು ಹೊಡೆದು ಚೀಲದಲ್ಲಿ ಆಸ್ಪತ್ರೆಗೆ ಒಯ್ಯೋ ಅಗತ್ಯ ಇಲ್ಲ. ಅದನ್ನು ಹಿಡಿಯಲು ಹೋದ ಇನ್ನೊಬ್ಬರೂ ಕಡಿಸಿಕೊಳ್ಳುತ್ತಾರೆ.

ಈಗ ಮಾಡಬಾರದ ಪಟ್ಟಿ, ಇದು ಉದ್ದ ಇದೆ. ದಾರದಿಂದ ಬಿಗಿಯಾಗಿ ಕಟ್ಟಬಾರದು. ಕಟ್ಟಿದರೆ ರಕ್ತ ಓಡಾಡದೆ ಕೈಕಾಲು ಕೊಳೆಯಬಹುದು, ಒಮ್ಮೆಲೇ ಬಿಚ್ಚಿದಾಗ ತಡೆದಿದ್ದ ವಿಷ ಒಟ್ಟಿಗೆ ಮೈಗೆ ನುಗ್ಗಬಹುದು. ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು, ಐಸ್ ಇಡಬಾರದು. ಬೇವಿನ ಎಲೆ ತಿನ್ನಿಸಿ ಕಹಿ ಅನಿಸಿತೇ, ಮೆಣಸಿನಕಾಯಿ ತಿನ್ನಿಸಿ ಖಾರ ಅನಿಸಿತೇ ಅಂತ ಪರೀಕ್ಷೆ ಮಾಡೋದು, ಬೇರು ಅರೆದು ಕುಡಿಸೋದು, ಗುಡಿ ಮುಂದೆ ಮಲಗಿಸೋದು, ಇವೆಲ್ಲ ಸಮಯ ತಿನ್ನುತ್ತವೆ. ಕೆಲವರು ಇವುಗಳಿಂದ ಬದುಕಿದಂತೆ ಕಾಣುತ್ತಾರಲ್ಲ, ಅದಕ್ಕೆ ಕಾರಣ ಇದೆ. ಕಡಿದ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು, ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ. ಹೆಸರು ಮಾತ್ರ ಮಂತ್ರಕ್ಕೆ.

ಮಾಡಬೇಕಾದ್ದು ಚಿಕ್ಕದು. ಮಗುವನ್ನು ನಡೆಸಬೇಡಿ, ಓಡಿಸಬೇಡಿ. ಗೆಜ್ಜೆ, ಬಳೆ, ಬೂಟು, ಕಾಲುಚೀಲ ತೆಗೆಯಿರಿ, ಬಾವು ಬಂದ ಮೇಲೆ ಅವೇ ಬಿಗಿಯುತ್ತವೆ. ಎಲುಬು ಮುರಿದಾಗ ಮಾಡುವಂತೆ ಕಾಲಿಗೆ ಅಳತೆಕೋಲು ಇಟ್ಟು ಸಡಿಲಾಗಿ ಕಟ್ಟಿ ಅಲುಗದಂತೆ ಮಾಡಿ. ಎತ್ತಿಕೊಂಡು ವಾಹನಕ್ಕೆ. ಕಡಿದ ಸಮಯ ಬರೆದುಕೊಳ್ಳಿ. ಪ್ರತಿವಿಷ ಎಲ್ಲಿದೆ ಅಂತ ದಾರಿಯಲ್ಲೇ ಫೋನ್ ಮಾಡಿ ಕೇಳಿ. ಈ ಫೋನ್ ನಂಬರನ್ನು ಜೂನ್ ತಿಂಗಳಲ್ಲೇ ಗೋಡೆಗೆ ಬರೆದಿಡೋದೇ ಸಿದ್ಧತೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಲೆಕ್ಕ ಸಿಕ್ಕರೆ ಯಾವ ತಾಲೂಕಿಗೆ ಎಷ್ಟು ಪ್ರತಿವಿಷ ಬೇಕು ಅಂತ ತಿಳಿಯುತ್ತದೆ.

ಬಿಸಿಲಲ್ಲೇ ಏರೋ ಹೊಳೆ

ಹೊರಗಿನವರಿಗೆ ಇದನ್ನು ಹೇಳಿದರೆ ನಂಬೋದಿಲ್ಲ. ಜಮಖಂಡಿಯಲ್ಲಿ ಬಿಸಿಲು ಬಿದ್ದಿರುತ್ತದೆ, ಹೊಳೆ ಮಾತ್ರ ಏರುತ್ತಿರುತ್ತದೆ. ಏಕೆಂದರೆ ಕೃಷ್ಣೆಯ ನೀರು ಇಲ್ಲಿ ಬಿದ್ದ ಮಳೆಯದ್ದಲ್ಲ. ಮಹಾಬಳೇಶ್ವರದ ಘಟ್ಟದಲ್ಲಿ, ಕೊಯ್ನಾ ಕಣಿವೆಯಲ್ಲಿ ಬಿದ್ದದ್ದು ಸಾಂಗ್ಲಿ ದಾಟಿ, ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆ ಇಳಿದು ಆಲಮಟ್ಟಿಗೆ ಬರುತ್ತದೆ. ಘಟಪ್ರಭಾ ಮೇಲೆ ಹಿಡಕಲ್, ಮಲಪ್ರಭಾ ಮೇಲೆ ನವಿಲುತೀರ್ಥ ಇವೆ. ಅವು ತುಂಬಿದ ಮೇಲೆ ಬಿಟ್ಟ ನೀರು ಗೋಕಾಕ, ಮುಧೋಳ, ರಾಮದುರ್ಗ, ಬಾದಾಮಿ ಕಡೆಗೆ. 2019ರ ಆಗಸ್ಟಿನಲ್ಲಿ ಇವು ಮೂರೂ ಒಟ್ಟಿಗೇ ತುಂಬಿ ಹರಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು, ಆಲಮಟ್ಟಿಯ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತು.

ಕ್ಯೂಸೆಕ್ ಅಂದರೆ? ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಎರಡು ಕೊಡ ಅಂದುಕೊಳ್ಳಿ. ಹಾಗಾದರೆ 1 ಲಕ್ಷ ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್. ನಿಮ್ಮ ಊರಿನ ನೀರಿನ ಟಾಕಿ 50 ಸಾವಿರ ಲೀಟರಿನದ್ದಾದರೆ, ಕಣ್ಣು ರೆಪ್ಪೆ ಬಡಿಯೋಷ್ಟರಲ್ಲಿ 56 ಟಾಕಿ ಖಾಲಿಯಾದಂತೆ. ಸುದ್ದಿಯಲ್ಲಿ 'ಇಷ್ಟು ಲಕ್ಷ ಕ್ಯೂಸೆಕ್ ಬಿಡುಗಡೆ' ಅಂದಾಗ ಶಿಕ್ಷಕರು ಕಿವಿ ನೆಟ್ಟಗೆ ಮಾಡಬೇಕಾದ್ದು ಇದಕ್ಕೆ.

ಒಳ್ಳೆ ಸುದ್ದಿ ಏನೆಂದರೆ, ದೂರದಿಂದ ಬರೋ ನೀರು ಹೇಳಿ ಕೇಳಿ ಬರುತ್ತದೆ. ಭೂಕಂಪದಂತಲ್ಲ. ಮೇಲೆ ಬಿಟ್ಟ ನೀರು ನಮ್ಮಲ್ಲಿಗೆ ಮುಟ್ಟೋಕೆ ಸಮಯ ಬೇಕು. ಆ ಸಮಯದಲ್ಲಿ ಏನು ಮಾಡಬೇಕು ಅನ್ನೋದು ತರಬೇತಿಯ ಮುಖ್ಯ ಭಾಗ. ದಾಖಲಾತಿ ರಿಜಿಸ್ಟರ್, ಟಿಸಿ ಪುಸ್ತಕ, ಅಕ್ಕಿ ಚೀಲ ಎತ್ತರದ ಜಾಗಕ್ಕೆ. ಸೇತುವೆ ದಾಟಿ ಬರೋ ಮಕ್ಕಳು ಯಾರು ಅಂತ ಪಟ್ಟಿ, ನೀರು ಏರೋ ಮೊದಲೇ ಅವರನ್ನು ಮನೆಗೆ ಕಳಿಸೋ ತೀರ್ಮಾನ. ಕಲ್ಲೋಳ-ಯಡೂರ ಸೇತುವೆಯಂಥವು ಮಳೆಗಾಲದಲ್ಲಿ ಮೇಲಿಂದ ಮೇಲೆ ಮುಳುಗುತ್ತವೆ, ಜನ ಮೊಣಕಾಲು ಮಟ್ಟದ ನೀರೇ ಅಲ್ವಾ ಅಂತ ಬೈಕ್ ಇಳಿಸುತ್ತಾರೆ. ಹರಿಯೋ ನೀರು ಅರ್ಧ ಅಡಿ ಇದ್ದರೂ ನಿಂತವರ ಕಾಲು ಕೀಳುತ್ತದೆ. ಎರಡು ಅಡಿಯಾದರೆ ಕಾರು ತೇಲುತ್ತದೆ.

ನೆರೆ ಬಂದರೆ ಶಾಲೆಯೇ ಕಾಳಜಿ ಕೇಂದ್ರ. ಮೊದಲು ಗಂಜಿ ಕೇಂದ್ರ ಅನ್ನುತ್ತಿದ್ದೆವಲ್ಲ, ಅದು. ಅಂದರೆ ಅಕ್ಕನಂಥವರು ಒಮ್ಮೆಲೇ ಪಾಠದಿಂದ ಮೂರು ನೂರು ಜನರ ವಸತಿ ವ್ಯವಸ್ಥೆಗೆ ಇಳಿಯಬೇಕು. ಎರಡು ಶೌಚಾಲಯ, ಬಾಣಂತಿಯರು, ದನ ಬಿಟ್ಟು ಬರಲ್ಲ ಅನ್ನೋ ಮುದುಕರು, ಬಿಪಿ ಶುಗರ್ ಗುಳಿಗೆ ಮನೆಯಲ್ಲೇ ಬಿಟ್ಟು ಬಂದವರು. ಇಲ್ಲಿ ಭೇದಿ ಶುರುವಾದರೆ ಓಆರ್‌ಎಸ್ ಬೇಕು. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆದರೆ ಅಪಾಯ, ಅಂದಾಜಿನ ಮೇಲೆ ಹಾಕಬೇಡಿ.

ನೀರು ಇಳಿದ ಮೇಲೆ ಮಕ್ಕಳನ್ನು ಕೂಡಲೇ ಒಳಗೆ ಬಿಡೋದೂ ತಪ್ಪು. ಕಪಾಟಿನ ಹಿಂದೆ ಹಾವು, ಚೇಳು ಸೇರಿರುತ್ತವೆ, ಒದ್ದೆ ಗೋಡೆಯಲ್ಲಿ ಕರೆಂಟ್ ಇರಬಹುದು. ಮೊದಲು ಮೇನ್ ಆಫ್, ಆಮೇಲೆ ಕೋಲು ಹಿಡಿದು ದೊಡ್ಡವರು.

ಸಿಡಿಲು ಮತ್ತು ನಡುಗೋ ನೆಲ

ಸಿಡಿಲಿಗೆ ಒಂದು ಸುಲಭ ಲೆಕ್ಕ ಮಕ್ಕಳಿಗೇ ಕಲಿಸಬಹುದು. ಮಿಂಚು ಕಂಡ ಕೂಡಲೇ ಎಣಿಸಿ, ಗುಡುಗು ಕೇಳಿದಾಗ ನಿಲ್ಲಿಸಿ, ಬಂದದ್ದನ್ನು 3ರಿಂದ ಭಾಗಿಸಿ. ಅಷ್ಟು ಕಿಲೋಮೀಟರ್ ದೂರ. ಎಣಿಕೆ 30 ದಾಟಲಿಲ್ಲ ಅಂದರೆ ಎಲ್ಲರೂ ಒಳಗೆ, ಕೊನೆ ಗುಡುಗಿನ ನಂತರ 30 ನಿಮಿಷ ಒಳಗೇ. ಬೇವಿನಮರದ ಕೆಳಗೆ ನಿಲ್ಲೋದು ಎಲ್ಲಕ್ಕಿಂತ ಕೆಟ್ಟ ಜಾಗ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರೋದಿಲ್ಲ, ಮುಟ್ಟಬಹುದು, ಕೂಡಲೇ ಎದೆ ಒತ್ತಬಹುದು. ಮುಟ್ಟೋಕೆ ಹೆದರಿ ಸುತ್ತ ನಿಂತು ನೋಡೋದರಲ್ಲೇ ಜೀವ ಹೋಗುತ್ತದೆ. ರಾಜ್ಯದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಎರಡೂ ಮುನ್ಸೂಚನೆ ಕೊಡುತ್ತವೆ.

ಭೂಕಂಪದ ವಿಷಯ ವಿಜಯಪುರದವರಿಗೆ ಹೇಳಬೇಕಾಗಿಲ್ಲ. 2021ರಲ್ಲಿ ಸಣ್ಣ ಸಣ್ಣ ಕಂಪನ ಮೇಲಿಂದ ಮೇಲೆ ಆದವು, ಪಾತ್ರೆ ಸಪ್ಪಳ ಆದರೆ ಸಾಕು ಜನ ಹೊರಗೆ ಓಡುತ್ತಿದ್ದರು. ನಮ್ಮ ಹಿರಿಯರ ನೆನಪಿನಲ್ಲಿ ಇರೋದು 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ. ನಸುಕಿನಲ್ಲಿ ಆದ ಆ ಭೂಕಂಪದಲ್ಲಿ ಸುಮಾರು 10 ಸಾವಿರ ಜನ ಸತ್ತರು. ಕೊಂದದ್ದು ನೆಲ ಅಲ್ಲ, ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರದ ಮಾಳಿಗೆ. ನಮ್ಮ ಹಳೇ ಮನೆಗಳೂ, ಕೆಲವು ಹಳೇ ಶಾಲಾ ಕೋಣೆಗಳೂ ಅದೇ ಥರ.

'ಬಗ್ಗು, ಮರೆ ಹುಡುಕು, ಹಿಡಿದುಕೋ' ಅಂತ ಪುಸ್ತಕದಲ್ಲಿ ಇದೆ, ಚಿತ್ರದಲ್ಲಿ ಮಗು ಮೇಜಿನ ಕೆಳಗೆ ಕೂತಿರುತ್ತದೆ. ಚಿಕ್ಕ ತರಗತಿಗಳ ನಲಿ-ಕಲಿ ಕೋಣೆಯಲ್ಲಿ ಅಂಥ ಮೇಜು ಎಲ್ಲಿದೆ? ಮಕ್ಕಳು ಚಾಪೆ ಮೇಲೆ. ಹಾಗಾದರೆ ಕಿಟಕಿ, ಕಪಾಟಿನಿಂದ ದೂರ ಒಳಗೋಡೆಯ ಬುಡಕ್ಕೆ ಕುಕ್ಕರಗಾಲಲ್ಲಿ ಬಗ್ಗಿ, ಪಾಟಿಚೀಲವನ್ನು ತಲೆ ಕತ್ತಿನ ಮೇಲೆ ಹಿಡಿಯಬೇಕು. ನಡುಕ ನಿಂತ ಮೇಲೆ ಸಾಲಾಗಿ ಬಯಲಿಗೆ. ಕಲ್ಲು ಮಣ್ಣಿನ ಹಳೇ ಕೋಣೆಯಾಗಿದ್ದು ಬಾಗಿಲು ಎರಡು ಹೆಜ್ಜೆ ದೂರದಲ್ಲಿದ್ದರೆ ಹೊರಗೆ ಹೋಗೋದೇ ಸರಿ.

ಪೆಟ್ಟಿಗೆ ಎಲ್ಲಿದೆ?

ಒಮ್ಮೆ ಒಂದು ಶಾಲೆಗೆ ಹೋಗಿದ್ದೆ, ಹುಡುಗನೊಬ್ಬನ ಮೊಣಕಾಲು ಒಡೆದಿತ್ತು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕಪಾಟಿನಲ್ಲಿ, ಕಪಾಟಿಗೆ ಕೀಲಿ, ಕೀಲಿಕೈ ಹೆಡ್‌ಮಾಸ್ತರ ಹತ್ತಿರ, ಹೆಡ್‌ಮಾಸ್ತರು ಮೀಟಿಂಗಿಗೆ. ಪೆಟ್ಟಿಗೆ ಎಲ್ಲರಿಗೂ ಕಾಣೋ ಜಾಗದಲ್ಲಿ, ಚಿಕ್ಕ ಮಕ್ಕಳಿಗೆ ಎಟುಕದಷ್ಟು ಎತ್ತರದಲ್ಲಿ, ಕೀಲಿ ಇಲ್ಲದೆ ಇರಬೇಕು. ಒಳಗೆ ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ತ್ರಿಕೋನ ಬಟ್ಟೆ, ಅಂಟುಪಟ್ಟಿ, ಕತ್ತರಿ, ಕೈಗವಸು, ಓಆರ್‌ಎಸ್, ಸೋಪು, ಟಾರ್ಚು. ಗುಳಿಗೆಗಳು ಬೇಡ. ಯಾವ ಮಗುವಿಗೆ ಯಾವುದು ಆಗೋದಿಲ್ಲ ಅಂತ ಶಿಕ್ಷಕರಿಗೆ ಗೊತ್ತಿರಲ್ಲ. ಫಿಟ್ಸ್, ದಮ್ಮು, ಹೃದಯದ ತೊಂದರೆ ಇರೋ ಮಕ್ಕಳ ಪಟ್ಟಿಯನ್ನು ಪಾಲಕರಿಂದ ಮೊದಲೇ ಕೇಳಿ ಬರೆದಿಡಬೇಕು.

'ಏನಾದರೂ ಹೆಚ್ಚು ಕಡಿಮೆ ಆದರೆ ನಮ್ಮ ಮೇಲೆ ಬರುತ್ತದಲ್ಲ' ಅನ್ನೋ ಹೆದರಿಕೆ ಅಕ್ಕನಿಗೂ ಇತ್ತು. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಕಾಪಾಡೋ ಕಲಂ 134ಎ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿತು, ಆದರೆ ಅದು ರಸ್ತೆಗೆ ಮಾತ್ರ. ಉಳಿದ ಕಡೆಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಇದೆ. ಒಪ್ಪಿಗೆ ಕೇಳೋಕೆ ಆಗದ ಹೊತ್ತಿನಲ್ಲಿ ಒಬ್ಬರ ಒಳಿತಿಗಾಗಿ ಪ್ರಾಮಾಣಿಕವಾಗಿ ಮಾಡಿದ ಕೆಲಸ ಅಪರಾಧ ಅಲ್ಲ ಅನ್ನೋದು ಅದರ ಸಾರ. ಕಲಿತದ್ದರ ಒಳಗೇ ಇರಬೇಕು, ಗೊತ್ತಿಲ್ಲದ್ದಕ್ಕೆ ಕೈ ಹಾಕಬಾರದು ಅನ್ನೋದೂ ಅದಕ್ಕೇ.

ಗಂಟೆ, ಹಾಜರಿ ಪುಸ್ತಕ, ಬಯಲು

ಅಣಕು ಕವಾಯತು ಅಂದರೆ ಬೆಂಕಿ ಬಿದ್ದಂತೆ, ನೆಲ ನಡುಗಿದಂತೆ ಆಡಿ ನೋಡೋದು. ನಾಟಕದ ತಾಲೀಮು ಥರ. ತಾಲೀಮಿನಲ್ಲಿ ಮಾತು ಮರೆತರೆ ನಗು, ಆಟದ ದಿನ ಮರೆತರೆ ಫಜೀತಿ. ಊಟದ ಗಂಟೆಗೂ ಅಪಾಯದ ಗಂಟೆಗೂ ಬೇರೆ ಬಾರಿಸೋ ರೀತಿ ಇರಬೇಕು. ಯಾರು ಗಂಟೆ, ಯಾರು ಫೋನ್, ಯಾರು ಕರೆಂಟ್ ಮತ್ತು ಗ್ಯಾಸ್ ಆಫ್ ಮಾಡೋದು, ನಡೆಯಲಾಗದ ಮಗುವನ್ನು ಯಾರು ಎತ್ತಿಕೊಳ್ಳೋದು, ಎಲ್ಲ ಹೆಸರು ಸಮೇತ ಬರೆದಿರಬೇಕು. ಅಡುಗೆಯವರನ್ನು ಬಿಡಬಾರದು, ಬೆಂಕಿ ಹತ್ತಿರ ಇರೋರು ಅವರೇ. ಇಬ್ಬರೇ ಶಿಕ್ಷಕರಿದ್ದರೆ ದೊಡ್ಡ ತರಗತಿ ಮಕ್ಕಳಿಗೂ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯರಿಗೂ ಕೆಲಸ ಹಂಚಬೇಕು. ತರಬೇತಿಯಲ್ಲಿ ಕಲಿತದ್ದು ಕೆಲವೇ ತಿಂಗಳಲ್ಲಿ ಕೈಯಿಂದ ಜಾರುತ್ತದೆ, ಹಾಗಾಗಿ ವರ್ಷಕ್ಕೆ ಒಂದು ಸಲ ಮಾಡಿ ಫೋಟೋ ತೆಗೆದರೆ ಆಗಲಿಲ್ಲ.

ಅಕ್ಕ ತರಬೇತಿ ಮುಗಿಸಿ ಬಂದ ವಾರವೇ ಶಾಲೆಯಲ್ಲಿ ಒಂದು ಕವಾಯತು ಮಾಡಿದಳು. ಮಕ್ಕಳು ನಗುತ್ತಾ, ತಳ್ಳಾಡುತ್ತಾ ಬಯಲಿಗೆ ಬಂದರು, ನಾಲ್ಕು ನಿಮಿಷ ಹಿಡಿಯಿತು. ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರನ್ನೇ ಕರೆದಳು. ಪುಸ್ತಕದಲ್ಲಿ 41, ಬಯಲಲ್ಲಿ 40. ಎರಡನೇ ತರಗತಿ ಹುಡುಗಿಯೊಬ್ಬಳು ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಳು. ಗಂಟೆ ಊಟದ್ದು ಅಂದುಕೊಂಡಿದ್ದಳಂತೆ. ಈಗ ಅಲ್ಲಿನ ಕೆಲಸದ ಪಟ್ಟಿಯಲ್ಲಿ ಒಂದು ಸಾಲು ಜಾಸ್ತಿ ಆಗಿದೆ: ಶೌಚಾಲಯ ನೋಡಿಬರೋದು, ಆರನೇ ತರಗತಿಯ ಇಬ್ಬರು ಹುಡುಗಿಯರು.